ಮೆಣಸಿನಕಾಯಿಗೆ ದರದ ಬೋರ್ಡ್ ಇದೆ, ದುಡಿಯುವ ಕೈಗೆ ಯಾಕಿಲ್ಲ?

ಪ್ರತಿ ತಿಂಗಳ ಮಧ್ಯದಲ್ಲಿ ಪತ್ರಿಕೆಗಳಲ್ಲಿ ಒಂದು ಅಂಕಿ ಬರುತ್ತದೆ. ದೇಶದ ನಿರುದ್ಯೋಗ ದರ ಇಷ್ಟು, ಹೋದ ತಿಂಗಳಿಗಿಂತ ಇಷ್ಟು ಏರಿತು ಅಥವಾ ಇಳಿಯಿತು. ಹೀಗೆ ತಿಂಗಳ ಲೆಕ್ಕ ಮೊದಲ ಸಲ ಹೊರಬಂದದ್ದು 2025ರ ಮೇ 15ರಂದು. ಆಗ ಹೇಳಿದ ಏಪ್ರಿಲ್ ತಿಂಗಳ ದರ ಶೇ 5.1.

ಅದೇ ವರ್ಷ ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಸಾವಿರಾರು ಯುವಜನರು ಬೀದಿಗಿಳಿದರು. ಖಾಲಿ ಇರುವ ಸರ್ಕಾರಿ ಹುದ್ದೆ ತುಂಬಿ ಎಂದು ಕೇಳಿದರು. ರಾಜ್ಯ ಸರ್ಕಾರದ್ದೇ ಲೆಕ್ಕದಂತೆ ಆಗ ಖಾಲಿ ಇದ್ದ ಹುದ್ದೆಗಳು ಎರಡೂವರೆ ಲಕ್ಷಕ್ಕಿಂತ ಜಾಸ್ತಿ. ಇನ್ನೊಂದು ಕಡೆ ಧಾರವಾಡದ ಬೇಲೂರು, ಹುಬ್ಬಳ್ಳಿಯ ತಾರಿಹಾಳ, ಗೋಕುಲ ರಸ್ತೆಯ ಕಾರ್ಖಾನೆಗಳ ಕಡೆ ಹೋದರೆ "ಕೆಲಸ ಗೊತ್ತಿರೋ ಹುಡುಗರು ಸಿಗವಲ್ರು" ಎಂಬ ಮಾತು ಕೇಳುತ್ತದೆ.

ನೂರಕ್ಕೆ ಐದೇ ಜನ ನಿರುದ್ಯೋಗಿಗಳು, ಕೆಲಸ ಕೊಡಿ ಎಂದು ಸಾವಿರಾರು ಜನ ಬೀದಿಯಲ್ಲಿ, ಕೆಲಸಕ್ಕೆ ಜನ ಇಲ್ಲ ಎನ್ನುವ ಮಾಲೀಕರು. ಮೂರೂ ಒಟ್ಟಿಗೆ ನಿಜವಾಗುವುದು ಹೇಗೆ? ಓದುಗರಿಗೆ ಗೊಂದಲವಾಗುವುದು ಸಹಜ. ಆದರೆ ಇದರಿಂದ ಹೆಚ್ಚು ತೊಂದರೆಯಾಗುವುದು ಹದಿನಾರು, ಹದಿನೆಂಟರ ಮಕ್ಕಳಿಗೆ. ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿ "ಯಾವ ಲೈನಿಗೆ ಹೋದ್ರ ಛಲೋ?" ಎಂದು ಕೇಳುವ ಹುಡುಗ ಹುಡುಗಿಯರಿಗೆ ಈ ಅಂಕಿಗಳಲ್ಲಿ ಒಂದೂ ಉತ್ತರ ಕೊಡುವುದಿಲ್ಲ.

## ಶೇ 5.1 ಎಂದರೆ ಏನು

ಈ ಅಂಕಿ ಬರುವುದು ಪಿಎಲ್‌ಎಫ್‌ಎಸ್ (ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆ) ಎಂಬ ಸಮೀಕ್ಷೆಯಿಂದ. ಕೇಂದ್ರದ ರಾಷ್ಟ್ರೀಯ ಸಾಂಖ್ಯಿಕ ಕಚೇರಿ ಇದನ್ನು 2017ರಿಂದ ನಡೆಸುತ್ತಿದೆ. ಆರಂಭದಲ್ಲಿ ಇಡೀ ದೇಶಕ್ಕೆ ವರ್ಷಕ್ಕೊಮ್ಮೆ, ನಗರಗಳಿಗೆ ಮೂರು ತಿಂಗಳಿಗೊಮ್ಮೆ ಲೆಕ್ಕ ಸಿಗುತ್ತಿತ್ತು. 2025ರ ಜನವರಿಯಿಂದ ಸಮೀಕ್ಷೆಯನ್ನು ದೊಡ್ಡದು ಮಾಡಿ, ತಿಂಗಳ ಲೆಕ್ಕವನ್ನೂ ಕೊಡತೊಡಗಿದರು.

ಇಲ್ಲಿ ಎರಡು ಅಳತೆಗಳಿವೆ. ಒಂದು ವರ್ಷದ ಅಳತೆ: ಕಳೆದ 365 ದಿನಗಳಲ್ಲಿ ಹೆಚ್ಚಿನ ಕಾಲ ಏನು ಮಾಡಿದಿರಿ? ಬೇರೆ ಏನೇ ಮಾಡುತ್ತಿದ್ದರೂ 30 ದಿನ ಅಥವಾ ಅದಕ್ಕಿಂತ ಹೆಚ್ಚು ದುಡಿದಿದ್ದರೆ ನೀವು ಕೆಲಸದಲ್ಲಿರುವವರ ಪಟ್ಟಿಗೆ ಸೇರುತ್ತೀರಿ. ಇನ್ನೊಂದು ವಾರದ ಅಳತೆ: ಕಳೆದ ಏಳು ದಿನಗಳಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆಯಾದರೂ ಕೆಲಸ ಮಾಡಿದಿರಾ? ಮಾಡಿದ್ದರೆ ಉದ್ಯೋಗಿ. ಮಾಡಿಲ್ಲ, ಆದರೆ ಹುಡುಕುತ್ತಿದ್ದೀರಿ ಅಥವಾ ಸಿಕ್ಕರೆ ಹೋಗಲು ತಯಾರಿದ್ದೀರಿ ಎಂದರೆ ನಿರುದ್ಯೋಗಿ.

2023-24ರ ವಾರ್ಷಿಕ ದರ ಶೇ 3.2 ಇತ್ತು. ಅದು ವರ್ಷದ ಅಳತೆ. ಮರುವರ್ಷ ಏಪ್ರಿಲ್‌ನಲ್ಲಿ ಬಂದ ಶೇ 5.1 ವಾರದ ಅಳತೆ. ಎರಡನ್ನೂ ಪಕ್ಕದಲ್ಲಿಟ್ಟು "ನಿರುದ್ಯೋಗ ಜಾಸ್ತಿಯಾಯಿತು" ಎಂದು ವಾಟ್ಸಾಪ್‌ನಲ್ಲಿ ಕಳಿಸುವವರಿದ್ದಾರೆ. ಅದು ಸೇರಿನಲ್ಲಿ ಅಳೆದದ್ದನ್ನು ಕಿಲೋ ಜೊತೆ ಹೋಲಿಸಿದ ಹಾಗೆ.

ಇನ್ನೂ ಒಂದು ಮಾತು. ಮನೆಯ ಹೊಲದಲ್ಲಿ, ಅಪ್ಪನ ಕಿರಾಣಿ ಅಂಗಡಿಯಲ್ಲಿ ಸಂಬಳ ಇಲ್ಲದೆ ಕೈಜೋಡಿಸುವವರೂ ಈ ಲೆಕ್ಕದಲ್ಲಿ ಉದ್ಯೋಗಿಗಳೇ. ಅಂತರರಾಷ್ಟ್ರೀಯ ಪದ್ಧತಿಯೂ ಬಹುಮಟ್ಟಿಗೆ ಹೀಗೇ ಇತ್ತು, ಇದರಲ್ಲಿ ಮೋಸವೇನಿಲ್ಲ. ಆದರೆ ಒಂದು ಊರಿನಲ್ಲಿ ನಿರುದ್ಯೋಗ ದರ ಕಡಿಮೆ ಇದೆ ಎಂದರೆ ಅಲ್ಲಿ ಒಳ್ಳೆಯ ಕೆಲಸಗಳಿವೆ ಎಂದು ಅರ್ಥ ಮಾಡಿಕೊಳ್ಳಬಾರದು. ಖಾಲಿ ಕೂರುವಷ್ಟು ಅನುಕೂಲ ಬಡವರಿಗಿಲ್ಲ. ಅವರು ಸಿಕ್ಕಿದ್ದನ್ನು ಮಾಡುತ್ತಾರೆ.

## ಸಪ್ತಾಪುರದ ಹುಡುಗ ಯಾವ ಪಟ್ಟಿಯಲ್ಲಿ?

ಧಾರವಾಡದ ಸಪ್ತಾಪುರದಲ್ಲಿ ಬೀದಿಗೊಂದು ಕೋಚಿಂಗ್ ಸೆಂಟರ್, ಪಿಜಿ, ಸ್ಟಡಿ ರೂಮ್. ಝೆರಾಕ್ಸ್ ಅಂಗಡಿಯ ಗೋಡೆ ತುಂಬ ನೇಮಕಾತಿ ಅಧಿಸೂಚನೆಗಳು. ಬೀದರ್‌ನಿಂದ ಹಾವೇರಿವರೆಗೆ ಎಲ್ಲ ಕಡೆಯ ಮಕ್ಕಳು ಇಲ್ಲಿ ಓದಲು ಬರುತ್ತಾರೆ.

ಗದಗ ಜಿಲ್ಲೆಯ ಒಬ್ಬ ಬಿಎ ಪದವೀಧರ ಇಲ್ಲಿ ರೂಮ್ ಮಾಡಿಕೊಂಡು ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದಾನೆ ಎಂದುಕೊಳ್ಳಿ. ಸಮೀಕ್ಷೆಯವರು ಬಂದಾಗ "ಕೆಲಸ ಹುಡುಕುತ್ತಿದ್ದೇನೆ" ಎಂದರೆ ಅವನು ನಿರುದ್ಯೋಗಿ. "ಸದ್ಯ ಓದುತ್ತಿದ್ದೇನೆ, ಬೇರೆ ಕೆಲಸಕ್ಕೆ ಹೋಗುವುದಿಲ್ಲ" ಎಂದರೆ ಅವನು ಉದ್ಯೋಗಿಯೂ ಅಲ್ಲ, ನಿರುದ್ಯೋಗಿಯೂ ಅಲ್ಲ, ಕಾರ್ಮಿಕ ಬಲದ, ಅಂದರೆ ದುಡಿಯುವವರು ಮತ್ತು ಕೆಲಸ ಹುಡುಕುವವರ, ಲೆಕ್ಕದಿಂದಲೇ ಹೊರಗೆ. ಆ ವಾರ ಕಡಲೆ ಕೀಳಲು ಊರಿಗೆ ಹೋಗಿ ಬಂದಿದ್ದರೆ ಅವನು ಉದ್ಯೋಗಿ. ಹುಡುಗ ಒಬ್ಬನೇ, ಬದುಕು ಒಂದೇ, ಪಟ್ಟಿ ಮೂರು.

ಹೀಗಾಗಿ ಶೇ 5.1 ಮತ್ತು ಧಾರವಾಡದ ಪ್ರತಿಭಟನೆ ಒಂದನ್ನೊಂದು ಸುಳ್ಳು ಮಾಡುವುದಿಲ್ಲ. ಅದೇ 2023-24ರ ವಾರ್ಷಿಕ ವರದಿಯಲ್ಲಿ 15ರಿಂದ 29 ವಯಸ್ಸಿನವರ ನಿರುದ್ಯೋಗ ದರ ಶೇ 10.2 ಇತ್ತು. ಎಲ್ಲ ವಯಸ್ಸಿನವರ ದರದ ಮೂರು ಪಟ್ಟಿಗಿಂತ ಹೆಚ್ಚು. ಪ್ರತಿಭಟನೆಗೆ ಬಂದವರಲ್ಲಿ ಬಹಳಷ್ಟು ಜನ ಈ ಗುಂಪಿನವರು.

## ಜಿಲ್ಲೆಗೆ ಬಂದರೆ ಕೈಯಲ್ಲಿ ಹದಿನಾರು ಜನ

ಸರಿ, ದೇಶದ ಲೆಕ್ಕ ಬೇಡ, ಗದಗಿನದ್ದು ಹೇಳಿ ಎಂದರೆ? ಇಲ್ಲಿ ಸಮಸ್ಯೆ ಬೇರೆ. ಹೊಸ ಪಿಎಲ್‌ಎಫ್‌ಎಸ್ ಇಡೀ ದೇಶದಲ್ಲಿ ಸುಮಾರು 2.72 ಲಕ್ಷ ಮನೆಗಳಿಗೆ ಹೋಗುತ್ತದೆ. ಇದು ಸಣ್ಣ ಸಂಖ್ಯೆಯೇನಲ್ಲ, ಮೊದಲಿನದಕ್ಕಿಂತ ಎರಡೂವರೆ ಪಟ್ಟಿಗೂ ಜಾಸ್ತಿ. ಆದರೆ ದೇಶದಲ್ಲಿ 780ರ ಆಸುಪಾಸು ಜಿಲ್ಲೆಗಳಿವೆ. ಸಮನಾಗಿ ಹಂಚಿದರೆ ಒಂದು ಜಿಲ್ಲೆಗೆ ಸರಾಸರಿ 350 ಮನೆ.

ಲೆಕ್ಕ ಮುಂದುವರಿಸೋಣ. ಮನೆಗೆ ನಾಲ್ಕು ಜನ ಎಂದರೆ 1,400 ಜನ. ಅದರಲ್ಲಿ 15ರಿಂದ 29 ವಯಸ್ಸಿನವರು ಕಾಲು ಭಾಗ ಎಂದರೆ 350. ಈ ವಯಸ್ಸಿನವರಲ್ಲಿ ದುಡಿಯುವವರು ಮತ್ತು ಕೆಲಸ ಹುಡುಕುವವರು ಸೇರಿ ಅರ್ಧಕ್ಕಿಂತ ಕಡಿಮೆ, ಸುಮಾರು 160. ಶೇ 10ರಷ್ಟು ನಿರುದ್ಯೋಗ ಎಂದು ಹಿಡಿದರೆ ಉಳಿಯುವುದು 16 ಜನ. ಇದು ಅಂದಾಜಿನ ಲೆಕ್ಕ. ದೊಡ್ಡ ಜಿಲ್ಲೆಗೆ ಹೆಚ್ಚು ಮನೆ ಹೋಗುತ್ತವೆ, ಸಣ್ಣದಕ್ಕೆ ಕಡಿಮೆ. ಆದರೂ ಹದಿನಾರು ಜನರನ್ನು ನೋಡಿ ಗದಗ ಜಿಲ್ಲೆಯಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿದವರ ಗತಿ ಏನು, ಬಿಕಾಂ ಮಾಡಿದವರ ಗತಿ ಏನು ಎಂದು ಹೇಳಲು ಸಾಧ್ಯವಾ? ಆ ಹದಿನಾರರಲ್ಲಿ ಡಿಪ್ಲೊಮಾದವರು ಒಬ್ಬರೋ ಇಬ್ಬರೋ ಇರಬಹುದು, ಇಲ್ಲದೆಯೂ ಇರಬಹುದು.

ಸಮೀಕ್ಷೆಯ ದೋಷ ಇದಲ್ಲ. ದೇಶದ ಆರ್ಥಿಕತೆಯ ನಾಡಿ ನೋಡಲು ಕಟ್ಟಿದ ಸಾಧನ ಅದು. 2025ರಿಂದ ಜಿಲ್ಲೆಯನ್ನೇ ಮಾದರಿ ಆಯ್ಕೆಯ ಮೂಲ ಘಟಕ ಮಾಡಿರುವುದು ಒಳ್ಳೆಯ ಹೆಜ್ಜೆ. ಮುಂದೆ ಮಾದರಿ ಹೆಚ್ಚಿಸಿದರೆ ಜಿಲ್ಲೆಯ ಒಟ್ಟು ದರವನ್ನು ಇನ್ನಷ್ಟು ನಂಬಿಕೆಯಿಂದ ಹೇಳಬಹುದು. ಆದರೆ ಕೋರ್ಸ್ ಆರಿಸುವವರಿಗೆ ಬೇಕಾದ ವಿವರ ಅದರಿಂದ ಆಗಲೂ ಸಿಗುವುದಿಲ್ಲ. ಅದನ್ನು ಬೇರೆ ಕಡೆ ಹುಡುಕಬೇಕು.

## ಬ್ಯಾಡಗಿಯಿಂದ ಕಲಿಯಬೇಕಾದ್ದು

ಹಾವೇರಿ ಜಿಲ್ಲೆಯ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಟೆಂಡರ್ ಮುಗಿದ ಮೇಲೆ ದರ ಎಲ್ಲರಿಗೂ ಗೊತ್ತಾಗುತ್ತದೆ. ಡಬ್ಬಿ, ಕಡ್ಡಿ, ಗುಂಟೂರು ಎಂದು ತಳಿವಾರು. ಪ್ರತಿಯೊಂದಕ್ಕೂ ಮೂರು ಅಂಕಿ: ಕನಿಷ್ಠ, ಗರಿಷ್ಠ, ಮಾದರಿ. ಮಾದರಿ ದರ ಎಂದರೆ ಆ ದಿನ ಹೆಚ್ಚಿನ ಮಾಲು ಯಾವ ದರಕ್ಕೆ ಹೋಯಿತೋ ಅದು. ಎಷ್ಟು ಚೀಲ ಬಂತು ಎಂಬ ಆವಕದ ಲೆಕ್ಕವೂ ಇರುತ್ತದೆ. ಓದು ಬರಹ ಹೆಚ್ಚು ಬಾರದ ರೈತನೂ ಈ ನಾಲ್ಕು ಅಂಕಿ ನೋಡಿ ಮಾಲು ಇವತ್ತು ತರಬೇಕಾ, ಕೋಲ್ಡ್ ಸ್ಟೋರೇಜ್‌ನಲ್ಲಿ ಇಡಬೇಕಾ ಎಂದು ಯೋಚಿಸುತ್ತಾನೆ. ಒಬ್ಬ ರೈತನಿಗೆ ಯಾವತ್ತೋ ಸಿಕ್ಕ ಗರಿಷ್ಠ ದರ ನೋಡಿ ಯಾರೂ ಲೆಕ್ಕ ಹಾಕುವುದಿಲ್ಲ. ಮಾದರಿ ದರ ನೋಡುತ್ತಾರೆ.

ಮಕ್ಕಳ ಓದಿನ ವಿಷಯದಲ್ಲಿ ಇದೇ ಕುಟುಂಬಗಳಿಗೆ ಸಿಗುವುದು ಗರಿಷ್ಠ ದರ ಮಾತ್ರ. ಕಾಲೇಜಿನ ಫ್ಲೆಕ್ಸ್‌ನಲ್ಲಿ ಅತಿ ದೊಡ್ಡ ಪ್ಯಾಕೇಜ್ ಪಡೆದ ಒಬ್ಬರ ಫೋಟೊ. ಕೋಚಿಂಗ್ ಸೆಂಟರ್‌ನ ಫ್ಲೆಕ್ಸ್‌ನಲ್ಲಿ ಆಯ್ಕೆಯಾದವರ ಸಾಲು. ಅರವತ್ತು ಮಕ್ಕಳ ಒಂದು ತರಗತಿ ಎಂದುಕೊಳ್ಳಿ. ಒಬ್ಬರಿಗೆ ವರ್ಷಕ್ಕೆ 12 ಲಕ್ಷದ ಕೆಲಸ ಸಿಕ್ಕಿತು. 23 ಜನರಿಗೆ ಎರಡೂವರೆ ಲಕ್ಷದ್ದು. ಉಳಿದ 36 ಜನರಿಗೆ ಏನೂ ಸಿಗಲಿಲ್ಲ. ಫ್ಲೆಕ್ಸ್ 12 ಲಕ್ಷ ಎನ್ನುತ್ತದೆ. ಸರಾಸರಿ ಹೇಳಿದರೂ ಕೆಲಸ ಸಿಕ್ಕವರದ್ದು ಮಾತ್ರ ಹೇಳುತ್ತಾರೆ, ಅದು 2.9 ಲಕ್ಷ. ಸಾಲಿನ ನಡುವೆ ನಿಂತವರ ಸಂಬಳ ಎರಡೂವರೆ ಲಕ್ಷ. ಆ 36 ಜನ ಯಾವ ಅಂಕಿಯಲ್ಲೂ ಇಲ್ಲ.

ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಅರ್ಜಿ ಹಾಕುವ ಕಾಲೇಜುಗಳು ಎಷ್ಟು ಜನ ಸೇರಿದರು, ಎಷ್ಟು ಜನ ಪಾಸಾದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು, ನಡುವಿನ ಸಂಬಳ ಎಷ್ಟು ಎಂದು ಬರೆದು ಕೊಡಬೇಕು. ಕಾಲೇಜಿನ ವೆಬ್‌ಸೈಟ್‌ನಲ್ಲಿ ಆ ಪಿಡಿಎಫ್ ಸಿಗುತ್ತದೆ. ಸೀಟು ತೆಗೆದುಕೊಳ್ಳುವ ಮೊದಲು ಅದನ್ನು ಒಮ್ಮೆ ತೆರೆದು ನೋಡುವುದು ಒಳ್ಳೆಯದು. ಆದರೆ ಹಾವೇರಿ, ಗದಗ ಜಿಲ್ಲೆಗಳ ಸಾಮಾನ್ಯ ಪದವಿ ಕಾಲೇಜು, ಐಟಿಐಗಳಿಗೆ ಹೋಗುವ ಮಕ್ಕಳಿಗೆ ಈ ದಾರಿ ಬಹುಪಾಲು ಇಲ್ಲ. ಮಾಹಿತಿ ಅತಿ ಕಡಿಮೆ ಇರುವುದು ಅದು ಅತಿ ಹೆಚ್ಚು ಬೇಕಾದ ಕಡೆಯೇ.

## ಮಾಹಿತಿ ಇದೆ, ಕಪಾಟುಗಳಲ್ಲಿ ಚದುರಿದೆ

ಯಾವ ಕೋರ್ಸ್ ಓದಿದವರಿಗೆ ಎಷ್ಟು ಕೆಲಸ, ಎಷ್ಟು ಸಂಬಳ ಸಿಕ್ಕಿತು ಎಂದು ಹೇಳುವ ಇಂಥದ್ದೇ ಒಂದು ಬೋರ್ಡ್ ಪ್ರತಿ ಜಿಲ್ಲೆಯ ಮಕ್ಕಳಿಗೂ ಬೇಕು. ಅದಕ್ಕೆ ಹೊಸದಾಗಿ ದೊಡ್ಡ ಸಮೀಕ್ಷೆ ಬೇಕಿಲ್ಲ. ಬೇಕಾದ್ದರಲ್ಲಿ ಬಹಳಷ್ಟು ಈಗಾಗಲೇ ಸರ್ಕಾರಿ ಕಚೇರಿಗಳಲ್ಲಿ ದಾಖಲಾಗಿದೆ.

ಭವಿಷ್ಯ ನಿಧಿಯನ್ನೇ ತೆಗೆದುಕೊಳ್ಳಿ. 20 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳು ಪ್ರತಿ ತಿಂಗಳು ಪ್ರತಿ ಕಾರ್ಮಿಕರ ಹೆಸರಿನಲ್ಲಿ ಪಿಎಫ್ ಕಟ್ಟಿ, ವೇತನದ ವಿವರ ಕೊಡುತ್ತವೆ. ಧಾರವಾಡ ಜಿಲ್ಲೆಯ ಯಾವ ಉದ್ಯಮದಲ್ಲಿ ಈ ವರ್ಷ ಎಷ್ಟು ಹೊಸಬರು ಸೇರಿದರು ಎಂಬುದು ಅದರಿಂದ ಹೊರಬರುತ್ತದೆ. 2018ರಿಂದ ಇದರ ಸಾರಾಂಶವನ್ನು ತಿಂಗಳು ತಿಂಗಳು ಪ್ರಕಟಿಸುತ್ತಾರೆ, ಆದರೆ ವಯಸ್ಸು, ಉದ್ಯಮ, ರಾಜ್ಯದ ಮಟ್ಟದಲ್ಲಿ. ಸಂಬಳದ ವಿಷಯದಲ್ಲಿ ಇಲ್ಲಿ ಎಚ್ಚರ ಬೇಕು. ಕಡ್ಡಾಯ ಪಿಎಫ್‌ಗೆ ತಿಂಗಳ ವೇತನದ ಮಿತಿ ಬಹುಕಾಲದಿಂದ 15,000 ರೂಪಾಯಿ ಇದ್ದದ್ದರಿಂದ, ಎಷ್ಟೋ ಕಡೆ ಮೂಲ ವೇತನವಷ್ಟೇ ಅಥವಾ ಮಿತಿಯವರೆಗಷ್ಟೇ ತೋರಿಸುತ್ತಾರೆ. ಅಂದರೆ ಸೇರಿದವರ ಸಂಖ್ಯೆಗೆ ಈ ದಾಖಲೆ ಗಟ್ಟಿ, ಸಂಬಳಕ್ಕೆ ಅಷ್ಟು ಗಟ್ಟಿಯಲ್ಲ.

ಇನ್ನೊಂದು ಕಪಾಟು ಯುವನಿಧಿ. ಈ ಯೋಜನೆಯಲ್ಲಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ. ಹಣ ಜಮೆಯಾಗಲು ಶುರುವಾದದ್ದು 2024ರ ಜನವರಿಯಲ್ಲಿ. ಪಾಸಾಗಿ ಆರು ತಿಂಗಳಾದರೂ ಕೆಲಸ ಸಿಗದವರು ಅರ್ಜಿ ಹಾಕುತ್ತಾರೆ, ಇನ್ನೂ ಕೆಲಸ ಸಿಕ್ಕಿಲ್ಲ ಎಂದು ಸೇವಾಸಿಂಧುವಿನಲ್ಲಿ ಸ್ವಯಂ ಘೋಷಣೆ ಕೊಡುತ್ತಾರೆ. ಯಾವ ಪದವಿ, ಯಾವ ವಿಶ್ವವಿದ್ಯಾಲಯ ಎಂಬುದೆಲ್ಲ ಅರ್ಜಿಯಲ್ಲೇ ಇದೆ. ಇದನ್ನು ಬರೀ ಹಣ ಹಂಚುವ ಪಟ್ಟಿ ಎಂದು ನೋಡುವ ಬದಲು ಒಂದು ಕನ್ನಡಿ ಎಂದು ನೋಡಬಹುದು. ಹಾವೇರಿ ಜಿಲ್ಲೆಯ ಬಿಎಸ್ಸಿ ಪದವೀಧರರಲ್ಲಿ ಎಷ್ಟು ಜನ ವರ್ಷವಾದರೂ ಕೆಲಸವಿಲ್ಲದೆ ಇದ್ದಾರೆ ಎಂಬುದನ್ನು ಇಷ್ಟು ಹತ್ತಿರದಿಂದ ತೋರಿಸುವ ದಾಖಲೆ ಮತ್ತೊಂದು ಸಿಗುವುದು ಕಷ್ಟ.

ಐಟಿಐಗಳಲ್ಲಿ ಟ್ರೇಡ್‌ವಾರು ಸೀಟು, ಪಾಸಾದವರ ಲೆಕ್ಕ ಇದೆ. ಟಾಟಾ ಟೆಕ್ನಾಲಜೀಸ್ ಜೊತೆಗೂಡಿ ರಾಜ್ಯದ 150 ಸರ್ಕಾರಿ ಐಟಿಐಗಳಿಗೆ ಹೊಸ ಯಂತ್ರೋಪಕರಣ ಹಾಕಿದ್ದಾರೆ. ಅಲ್ಲಿ ಕಲಿತವರು ಎಲ್ಲಿ ಹೋದರು ಎಂಬುದು ಅಷ್ಟೇ ಮುಖ್ಯ, ಅಲ್ವಾ? ಅಪ್ರೆಂಟಿಸ್ ಪೋರ್ಟಲ್ ಇನ್ನೊಂದು ಮೂಲ. 30 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕೆಂಬ ನಿಯಮವಿದೆ. ಇದು ಎಷ್ಟು ತಂದೆತಾಯಿಗಳಿಗೆ ಗೊತ್ತು?

ಹುಬ್ಬಳ್ಳಿ ನೈರುತ್ಯ ರೈಲ್ವೆಯ ಕೇಂದ್ರಸ್ಥಾನ. ಇಲ್ಲಿನ ರೈಲ್ವೆ ನೇಮಕಾತಿ ವಿಭಾಗ ಅಪ್ರೆಂಟಿಸ್‌ಗಳನ್ನು ಕರೆಯುತ್ತದೆ. ಇದಕ್ಕೆ ಲಿಖಿತ ಪರೀಕ್ಷೆ ಇಲ್ಲ. ಎಸ್ಸೆಸ್ಸೆಲ್ಸಿ ಮತ್ತು ಐಟಿಐ ಅಂಕಗಳ ಮೇಲೆ ಆಯ್ಕೆ. ಅಪ್ರೆಂಟಿಸ್‌ಶಿಪ್ ಮುಗಿಸಿದವರಿಗೆ ಮುಂದೆ ರೈಲ್ವೆಯ ಲೆವೆಲ್-1 ನೇಮಕಾತಿಯಲ್ಲಿ ಶೇ 20ರಷ್ಟು ಹುದ್ದೆ ಮೀಸಲು. ಹತ್ತನೇ ತರಗತಿಯ ಅಂಕ ಮುಂದೆ ಇಲ್ಲಿ ಲೆಕ್ಕಕ್ಕೆ ಬರುತ್ತದೆ ಎಂಬುದು ಒಂಬತ್ತನೇ ತರಗತಿಯಲ್ಲೇ ತಿಳಿದಿದ್ದರೆ ಒಂದು ಮಗುವಿನ ತಯಾರಿಯೇ ಬೇರೆಯಾಗುತ್ತದೆ.

ಯಾವ ಪೋರ್ಟಲ್‌ನಲ್ಲೂ ಎದ್ದು ಕಾಣದ ಕೆಲಸಗಳೂ ಈ ಭಾಗದಲ್ಲಿವೆ. ರಾಣೆಬೆನ್ನೂರಿನ ಸುತ್ತ ಬೀಜೋತ್ಪಾದನೆ ದೊಡ್ಡ ಉದ್ಯಮ. ಅಲ್ಲಿ ಹೊಲ ನೋಡಿಕೊಳ್ಳುವ ಸೂಪರ್‌ವೈಸರ್, ಬೀಜ ಪರೀಕ್ಷೆಯ ಲ್ಯಾಬ್‌ನವರು ಬೇಕು. ಬ್ಯಾಡಗಿಯಲ್ಲಿ ಕೋಲ್ಡ್ ಸ್ಟೋರೇಜ್‌ಗಳಿವೆ. ಅಲ್ಲಿ ರೆಫ್ರಿಜರೇಷನ್ ಮೆಕ್ಯಾನಿಕ್‌ಗೆ ಕೆಲಸವಿದೆ. ಗದಗಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತವೆ, ಅವನ್ನು ಹತ್ತಿ ರಿಪೇರಿ ಮಾಡುವ ತಂತ್ರಜ್ಞರು ಬೇಕು. ದಿನಾ ಕಣ್ಣಿಗೆ ಬೀಳುವ ಗಾಳಿಯಂತ್ರಕ್ಕೂ ತಾನು ಆರಿಸುವ ಕೋರ್ಸಿಗೂ ಇರುವ ನಂಟನ್ನು ಮುಂಡರಗಿಯ ಹುಡುಗನಿಗೆ ಯಾರೂ ಹೇಳಿರುವುದಿಲ್ಲ.

## ಕಾಯ್ದೆ ಇತ್ತು, ಲೆಕ್ಕ ಬರಲಿಲ್ಲ

ಖಾಲಿ ಹುದ್ದೆಯ ಮಾಹಿತಿ ಕೊಡಬೇಕೆಂಬ ಕಾನೂನು ನಮ್ಮಲ್ಲಿ 1959ರಿಂದಲೇ ಇತ್ತು. ಸರ್ಕಾರಿ ಸಂಸ್ಥೆಗಳು ಮತ್ತು 25 ಅಥವಾ ಹೆಚ್ಚು ಜನರಿರುವ ಖಾಸಗಿ ಸಂಸ್ಥೆಗಳು ಖಾಲಿ ಹುದ್ದೆಯನ್ನು ಉದ್ಯೋಗ ವಿನಿಮಯ ಕೇಂದ್ರಕ್ಕೆ ತಿಳಿಸಬೇಕಿತ್ತು. ಮೂರು ತಿಂಗಳಿಗೊಮ್ಮೆ ಸಿಬ್ಬಂದಿ ಸಂಖ್ಯೆಯನ್ನೂ ಕೊಡಬೇಕಿತ್ತು. ಖಾಲಿ ಹುದ್ದೆ ತಿಳಿಸದಿದ್ದರೆ ದಂಡ ಮೊದಲ ಸಲ 500 ರೂಪಾಯಿವರೆಗೆ, ಆಮೇಲೆ 1,000ದವರೆಗೆ. 1959ರಲ್ಲಿ ಅದು ದೊಡ್ಡ ಮೊತ್ತ. ದಶಕಗಳು ಉರುಳಿದವು, ದಂಡ ಹಾಗೇ ಉಳಿಯಿತು. ಅರ್ಜಿ ತುಂಬುವ ಗುಮಾಸ್ತರ ಅರ್ಧ ದಿನದ ಖರ್ಚೇ ದಂಡಕ್ಕಿಂತ ಜಾಸ್ತಿಯಾದ ಮೇಲೆ ಯಾರು ಕೊಡುತ್ತಾರೆ? ವಿನಿಮಯ ಕೇಂದ್ರದ ಮೂಲಕವೇ ನೇಮಿಸಬೇಕೆಂಬ ಕಡ್ಡಾಯವೂ ಇರಲಿಲ್ಲ. ಹಾಗಾಗಿ ಅಲ್ಲಿ ಹೆಸರು ನೋಂದಾಯಿಸಿದವರ ಸಾಲು ಬೆಳೆಯಿತು, ಹುದ್ದೆಗಳ ಸಾಲು ಸೊರಗಿತು.

ಈಗ ಆ ಕಾಯ್ದೆಯ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. 2025ರ ನವೆಂಬರ್ 21ರಿಂದ ಅದು ಜಾರಿಯಲ್ಲಿದೆ. ಉದ್ಯೋಗ ವಿನಿಮಯ ಕೇಂದ್ರದ ಬದಲು ಇದರಲ್ಲಿ "ಕರಿಯರ್ ಸೆಂಟರ್" ಎಂಬ ಹೆಸರಿದೆ. ಖಾಲಿ ಹುದ್ದೆ ತಿಳಿಸುವ ಹೊಣೆ ಇಲ್ಲೂ ಇದೆ. ಹೆಸರು ಬದಲಾದ ಮಾತ್ರಕ್ಕೆ ಏನೂ ಬದಲಾಗದು. ಆದರೆ ವ್ಯವಸ್ಥೆ ಹೊಸದಾಗಿ ಕಟ್ಟುವ ಈ ಹೊತ್ತಿನಲ್ಲೇ ಸರಿಯಾದ ಪ್ರಶ್ನೆ ಕೇಳಬೇಕು: ಮಾಲೀಕರು ಕೊಡುವ ಮಾಹಿತಿ ಫೈಲಿಗೆ ಹೋಗುತ್ತದೋ, ಊರಿನ ಮಕ್ಕಳ ಕಣ್ಣಿಗೆ ಬೀಳುತ್ತದೋ?

2015ರಲ್ಲಿ ಶುರುವಾದ ನ್ಯಾಷನಲ್ ಕರಿಯರ್ ಸರ್ವೀಸ್, ರಾಜ್ಯದ ಸ್ಕಿಲ್ ಕನೆಕ್ಟ್ ಪೋರ್ಟಲ್‌ಗಳೂ ಇವೆ. ಅವು ಕೆಲಸ ಹುಡುಕುವವರಿಗೆ ಉಪಯೋಗಕ್ಕೆ ಬರುತ್ತವೆ. ಕೋರ್ಸ್ ಹುಡುಕುವವರಿಗೆ ಬೇಕಾದ್ದು ಬೇರೆ. ಇವತ್ತು ಯಾವ ಹುದ್ದೆ ಖಾಲಿ ಇದೆ ಎಂಬುದಕ್ಕಿಂತ, ಎರಡು ವರ್ಷದ ನಂತರ ತನ್ನಂಥವರಿಗೆ ಏನು ಸಿಕ್ಕೀತು ಎಂಬುದು ಅವರ ಚಿಂತೆ.

## ಬೇಡ ಎನ್ನುವವರ ವಾದ

ಮಾಲೀಕರ ಅಳುಕು ಇದು: ಸಂಬಳ ಬಹಿರಂಗವಾದರೆ ಪಕ್ಕದ ಕಾರ್ಖಾನೆಯವರು ನಮ್ಮ ಹುಡುಗರನ್ನು ಎಳೆದುಕೊಳ್ಳುತ್ತಾರೆ. ಇದಕ್ಕೆ ಉತ್ತರ ಸುಲಭ. ಸಂಸ್ಥೆಯ ಹೆಸರು ಬೇಕಿಲ್ಲ, ಟ್ರೇಡ್ ಮತ್ತು ತಾಲ್ಲೂಕಿನ ಲೆಕ್ಕ ಸಾಕು. ಬಹಳ ಕಡಿಮೆ ಜನರಿರುವ ಕಡೆ ಅಂಕಿಯನ್ನು ಮುಚ್ಚಿಡಬಹುದು. ಇದರಿಂದ ಕಾರ್ಮಿಕರ ಖಾಸಗಿತನವೂ ಉಳಿಯುತ್ತದೆ. ಬ್ರಿಟನ್‌ನಲ್ಲಿ ಓದಿನ ದಾಖಲೆಯನ್ನು ತೆರಿಗೆ ದಾಖಲೆಯ ಜೊತೆ ಜೋಡಿಸಿ, ಯಾವ ವಿಶ್ವವಿದ್ಯಾಲಯದಲ್ಲಿ ಯಾವ ವಿಷಯ ಓದಿದವರು ಮುಂದೆ ಎಷ್ಟು ಗಳಿಸುತ್ತಾರೆ ಎಂದು ಪ್ರಕಟಿಸುತ್ತಾರೆ. ಯಾರೊಬ್ಬರ ಹೆಸರೂ ಅದರಲ್ಲಿ ಕಾಣುವುದಿಲ್ಲ.

ಎರಡನೆಯ ವಾದ ಹೆಚ್ಚು ತೂಕದ್ದು. ಕೆಲಸಗಳೇ ಸಾಲದಿದ್ದಾಗ ಮಾಹಿತಿ ಕೊಟ್ಟು ಏನು ಪ್ರಯೋಜನ? ಕೆಪಿಎಸ್‌ಸಿಯ 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ಎರಡು ಲಕ್ಷಕ್ಕೂ ಹೆಚ್ಚು ಜನ ಅರ್ಜಿ ಹಾಕಿದ್ದರು. ಐನೂರಕ್ಕೂ ಹೆಚ್ಚು ಜನರಲ್ಲಿ ಒಬ್ಬರಿಗೆ ಹುದ್ದೆ. ಮಾಹಿತಿಯಿಂದ 384 ಎಂಬುದು 385 ಆಗುವುದಿಲ್ಲ. ಈ ಮಾತು ಸರಿ. ಆದರೆ ಕಾಲದ ಮಾಹಿತಿಯೂ ಒಂದು ಮಾಹಿತಿ. ಆ ಹುದ್ದೆಗಳ ಅಧಿಸೂಚನೆ ಬಂದದ್ದು 2024ರ ಫೆಬ್ರುವರಿಯಲ್ಲಿ, ಪೂರ್ವಭಾವಿ ಪರೀಕ್ಷೆ ಆಗಸ್ಟ್‌ನಲ್ಲಿ, ಕನ್ನಡ ಅನುವಾದದ ತಪ್ಪುಗಳಿಂದಾಗಿ ಮರುಪರೀಕ್ಷೆ ಡಿಸೆಂಬರ್‌ನಲ್ಲಿ. ಈ ನಡುವೆ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ನಿರ್ಧಾರವಾಗುವವರೆಗೆ ರಾಜ್ಯದಲ್ಲಿ ಹೊಸ ನೇಮಕಾತಿಗಳೇ ನಿಂತವು. 2025ರ ಆಗಸ್ಟ್ 19ರಂದು ಸಂಪುಟ ಅದನ್ನು ತೀರ್ಮಾನಿಸಿತು. ನ್ಯಾಯ ಹಂಚಲು ಆ ಕೆಲಸ ಆಗಲೇಬೇಕಿತ್ತು. ಆದರೆ ಅಷ್ಟೂ ದಿನ ಸಪ್ತಾಪುರದ ರೂಮ್ ಬಾಡಿಗೆ, ಮೆಸ್ ಬಿಲ್ ನಿಲ್ಲಲಿಲ್ಲ, ವಯಸ್ಸೂ ನಿಲ್ಲಲಿಲ್ಲ. ಯುಪಿಎಸ್‌ಸಿ ಮುಂದಿನ ವರ್ಷದ ಪರೀಕ್ಷೆಗಳ ದಿನಾಂಕವನ್ನು ಮುಂಚೆಯೇ ಕೊಡುತ್ತದೆ. ರಾಜ್ಯದ ಪ್ರತಿ ನೇಮಕಾತಿಯೂ ಅಧಿಸೂಚನೆಯಿಂದ ಆದೇಶದವರೆಗೆ ಎಷ್ಟು ತಿಂಗಳು ತೆಗೆದುಕೊಂಡಿತು ಎಂದು ಪ್ರಕಟಿಸಿದರೆ, ಒಂದು ಕುಟುಂಬ ಎಷ್ಟು ವರ್ಷದ ಖರ್ಚಿಗೆ ತಯಾರಿರಬೇಕು ಎಂದು ಲೆಕ್ಕ ಹಾಕಬಹುದು.

ಮೂರನೆಯ ಅಪಾಯವನ್ನು ಬ್ಯಾಡಗಿಯೇ ತೋರಿಸಿದೆ. ದರ ಚೆನ್ನಾಗಿದ್ದ ವರ್ಷ ನೋಡಿ ಎಲ್ಲರೂ ಮೆಣಸಿನಕಾಯಿ ಹಾಕುತ್ತಾರೆ, ಮರುವರ್ಷ ಆವಕ ಉಕ್ಕುತ್ತದೆ, ದರ ಬೀಳುತ್ತದೆ. 2024ರ ಮಾರ್ಚ್ 11ರಂದು ದರ ಕುಸಿದು ಸಿಟ್ಟಿಗೆದ್ದ ರೈತರ ಪ್ರತಿಭಟನೆ ಎಪಿಎಂಸಿ ಕಚೇರಿಗೆ, ವಾಹನಗಳಿಗೆ ಬೆಂಕಿ ಬೀಳುವವರೆಗೆ ಹೋಯಿತು. ಓದಿನಲ್ಲೂ ಹೀಗೇ. ಎಲ್ಲರೂ ಕಂಪ್ಯೂಟರ್ ಸೈನ್ಸ್ ಎಂದು ಓಡುತ್ತಾರೆ, ಸಿವಿಲ್, ಮೆಕ್ಯಾನಿಕಲ್ ಸೀಟುಗಳು ಖಾಲಿ ಉಳಿಯುತ್ತವೆ. ನಾಲ್ಕು ವರ್ಷದ ನಂತರ ಏನಾಗುತ್ತದೋ ಇವತ್ತಿನ ದರ ಹೇಳುವುದಿಲ್ಲ. ಹಾಗಾಗಿ ಸಂಬಳದ ಅಂಕಿ ಒಂದೇ ಹಾಕಿದರೆ ಅದು ದಾರಿ ತಪ್ಪಿಸಬಹುದು. ಈ ವರ್ಷ ಆ ಟ್ರೇಡ್‌ಗೆ ಜಿಲ್ಲೆಯಲ್ಲಿ ಎಷ್ಟು ಮಕ್ಕಳು ಸೇರಿದ್ದಾರೆ ಎಂಬ "ಆವಕ"ವೂ ಪಕ್ಕದಲ್ಲಿ ಇರಬೇಕು. ಒಂದು ವರ್ಷದ ಬದಲು ಮೂರು ವರ್ಷದ ಲೆಕ್ಕ ಇರಬೇಕು.

## ಮಾಹಿತಿಗೆ ಕಾಲು ಬೇಕು

ಡೊಮಿನಿಕನ್ ಗಣರಾಜ್ಯದಲ್ಲಿ ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಒಂದು ಅಧ್ಯಯನ ಮಾಡಿದರು. ಅದು ಪ್ರಕಟವಾದದ್ದು 2010ರಲ್ಲಿ. ಹೆಚ್ಚು ಓದಿದರೆ ಎಷ್ಟು ಹೆಚ್ಚು ಸಂಬಳ ಸಿಗುತ್ತದೆ ಎಂಬುದನ್ನು ಎಂಟನೇ ತರಗತಿಯ ಹುಡುಗರು ಬಹಳ ಕಡಿಮೆ ಅಂದಾಜು ಮಾಡಿದ್ದರು. ನಿಜವಾದ ಅಂಕಿ ಹೇಳಿದ ಮೇಲೆ ಅವರು ಮುಂದಿನ ನಾಲ್ಕು ವರ್ಷಗಳಲ್ಲಿ ಸರಾಸರಿ ಎರಡೂವರೆಯಿಂದ ನಾಲ್ಕು ತಿಂಗಳಷ್ಟು ಹೆಚ್ಚು ಓದಿದರು. ಒಂದೆರಡು ಅಂಕಿ ಹೇಳಿದ್ದಕ್ಕೆ ಇದು ದೊಡ್ಡ ಫಲ. ಆದರೆ ಅತಿ ಬಡ ಮನೆಗಳ ಹುಡುಗರ ಮೇಲೆ ಪರಿಣಾಮ ಆಗಲಿಲ್ಲ. ಓದಿದರೆ ಲಾಭ ಎಂದು ಗೊತ್ತಾದರೂ ಓದು ಮುಂದುವರಿಸಲು ದುಡ್ಡಿರಲಿಲ್ಲ. ಬೋರ್ಡ್ ಹಾಕಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಇದನ್ನು ನೆನಪಿಡಬೇಕು.

ಅವರದ್ದೇ ಇನ್ನೊಂದು ಅಧ್ಯಯನ ಉತ್ತರ ಭಾರತದ ಹಳ್ಳಿಗಳದ್ದು. ಕಾಲ್ ಸೆಂಟರ್‌ನಂಥ ಕಂಪನಿಗಳಿಗೆ ಜನ ಹುಡುಕುವವರನ್ನು ಮೂರು ವರ್ಷ ಆಯ್ದ ಹಳ್ಳಿಗಳಿಗೆ ಕಳಿಸಿ, ಕೆಲಸ ಏನು, ಅರ್ಹತೆ ಏನು ಎಂದು ಹೆಣ್ಣುಮಕ್ಕಳಿಗೆ ವಿವರಿಸಿದರು. ಆ ಹಳ್ಳಿಗಳಲ್ಲಿ ಹೆಚ್ಚು ಹೆಣ್ಣುಮಕ್ಕಳು ಕೆಲಸಕ್ಕೆ ಸೇರಿದರು, ಮದುವೆ ತಡವಾಯಿತು, ಚಿಕ್ಕ ಹುಡುಗಿಯರ ಓದು ಮುಂದುವರಿಯಿತು. ಅಲ್ಲಿ ಕೆಲಸ ಮಾಡಿದ್ದು ಪೋರ್ಟಲ್ ಅಲ್ಲ, ಮನುಷ್ಯರು ಹೋಗಿ ಮಾತಾಡಿದ್ದು.

ನಮ್ಮ ಕಡೆಗೂ ಇದು ಹೊಂದುತ್ತದೆ. ಮಗಳನ್ನು ಕೆಲಸಕ್ಕೆ ಕಳಿಸುವ ಮೊದಲು ತಾಯಿ ಕೇಳುವುದು ಸಂಬಳವನ್ನಷ್ಟೇ ಅಲ್ಲ. ಶಿಫ್ಟ್ ಎಷ್ಟೊತ್ತಿಗೆ ಬಿಡುತ್ತದೆ? ರಾತ್ರಿ ಬಸ್ಸು ಇದೆಯಾ? 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಗದಗಿನಿಂದ ಹುಬ್ಬಳ್ಳಿಗೆ ದಿನಾ ಹೋಗಿ ಬರುವ ಖರ್ಚಿನ ಲೆಕ್ಕ ಇದರಿಂದ ಬದಲಾಗಿದೆ. ಹುಬ್ಬಳ್ಳಿಯ ಯಾವ ಕೆಲಸದ ವೇಳೆ ಆ ಬಸ್ಸಿನ ವೇಳೆಗೆ ಹೊಂದುತ್ತದೆ ಎಂಬ ಒಂದು ಸಾಲು ದೊಡ್ಡ ವರದಿಗಿಂತ ಹೆಚ್ಚು ಉಪಕಾರಿ.

## ಬೋರ್ಡ್ ಮೇಲೆ ಏನಿರಬೇಕು, ಯಾವಾಗ

ಜಿಲ್ಲಾಧಿಕಾರಿ ನೇತೃತ್ವದ ಜಿಲ್ಲಾ ಕೌಶಲ ಸಮಿತಿಗಳು ಈಗಾಗಲೇ ಇವೆ. ಐಟಿಐ, ಕೈಗಾರಿಕೆ, ಉದ್ಯೋಗ ಇಲಾಖೆಗಳನ್ನು ಒಂದೇ ಮೇಜಿಗೆ ಕರೆಯಬಲ್ಲ ಜಾಗ ಅದು. ಐಟಿಐಗಳು ಹೋದ ವರ್ಷ ಪಾಸಾದವರಿಗೆ ಒಂದೊಂದು ಫೋನ್ ಮಾಡಿದರೂ ಅರ್ಧ ಕೆಲಸ ಮುಗಿಯುತ್ತದೆ. ಒಂದು ಟ್ರೇಡ್‌ಗೆ ಒಂದು ಸಾಲು ಸಾಕು. ಎಲೆಕ್ಟ್ರಿಷಿಯನ್ ಎಂದಿಟ್ಟುಕೊಳ್ಳಿ: ಜಿಲ್ಲೆಯಲ್ಲಿ ಸೇರಿದವರು ಎಷ್ಟು, ಪಾಸಾದವರು ಎಷ್ಟು, ಆರು ತಿಂಗಳ ನಂತರ ಕೆಲಸದಲ್ಲಿರುವವರು ಎಷ್ಟು. ಕೈಗೆ ಬರುವ ಸಂಬಳ ಕನಿಷ್ಠ, ಗರಿಷ್ಠ, ಮಾದರಿ. ಅವರಲ್ಲಿ ಕಾಯಂ ಎಷ್ಟು, ಗುತ್ತಿಗೆ ಎಷ್ಟು. ಊರಲ್ಲೇ ಇರುವವರು ಎಷ್ಟು, ಬೆಂಗಳೂರು, ಗೋವಾಕ್ಕೆ ಹೋದವರು ಎಷ್ಟು.

ಹೀಗೇ ಬಿಟ್ಟರೆ ಏನಾಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಖಾಲಿ ಜಾಗವನ್ನು ಫ್ಲೆಕ್ಸ್‌ಗಳು ತುಂಬುತ್ತವೆ, "ಕೆಲಸ ಕೊಡಿಸ್ತೀನಿ" ಎಂದು ದುಡ್ಡು ಕೇಳುವ ಏಜೆಂಟರು ತುಂಬುತ್ತಾರೆ. ಸಂಬಂಧಿಕರಲ್ಲಿ ಓದಿದವರಿರುವ ಮನೆಗಳಿಗೆ ಒಳ್ಳೆಯ ಸಲಹೆ ಸಿಗುತ್ತದೆ, ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತುವವರಿಗೆ ಸಿಗುವುದಿಲ್ಲ. ಬೋರ್ಡ್ ಬಂದರೆ ಕೆಲವು ಐಟಿಐ, ಕೆಲವು ಕಾಲೇಜುಗಳಿಗೆ ಮುಜುಗರವಾಗುತ್ತದೆ. ಕೆಲವು ಟ್ರೇಡ್‌ಗಳ ಮುಂದೆ "ಕೆಲಸದಲ್ಲಿರುವವರು" ಎಂಬ ಅಂಕಿ ತೀರಾ ಸಣ್ಣದಿರಬಹುದು. ಆ ಟ್ರೇಡ್ ಮುಚ್ಚಬೇಕೋ, ಪಠ್ಯ ಬದಲಿಸಬೇಕೋ, ಇಲ್ಲಿಗೆ ಹೊಸ ಉದ್ಯಮ ತರಬೇಕೋ ಎಂಬ ಪ್ರಶ್ನೆಯನ್ನು ಆಗ ಶಾಸಕರ ಮುಂದೆ ಅಂಕಿ ಹಿಡಿದು ಕೇಳಬಹುದು.

2025ರಲ್ಲಿ ದ್ವಿತೀಯ ಪಿಯು ಫಲಿತಾಂಶ ಏಪ್ರಿಲ್ 8ಕ್ಕೆ ಬಂತು, ಎಸ್ಸೆಸ್ಸೆಲ್ಸಿಯದ್ದು ಮೇ 2ಕ್ಕೆ. ಅದರ ಬೆನ್ನಿಗೇ ಪಿಯು, ಐಟಿಐ, ಡಿಪ್ಲೊಮಾ ಅರ್ಜಿಗಳು ಶುರುವಾಗುತ್ತವೆ, ಮನೆಗಳಲ್ಲಿ ತೀರ್ಮಾನವಾಗಲು ಸಿಗುವುದು ಒಂದೆರಡು ವಾರ. ಹಾಗಾಗಿ ಈ ಬೋರ್ಡ್ ಮಾರ್ಚ್ ಒಳಗೆ ಹೈಸ್ಕೂಲಿನ ಗೋಡೆ ಮೇಲಿರಬೇಕು. ಪರೀಕ್ಷೆಗೆ ಹಾಲ್ ಟಿಕೆಟ್ ತೆಗೆದುಕೊಳ್ಳಲು ಮಕ್ಕಳು ಬರುತ್ತಾರಲ್ಲ, ಆ ಕೊಠಡಿಯ ಬಾಗಿಲ ಪಕ್ಕದಲ್ಲಿ.